ಮನೆಯ ನಾಯಿ, ಗೃಹಸ್ಥನ ವ್ರತ

ಗದಗಿನಿಂದ ಮುಳಗುಂದದ ರಸ್ತೆ ಹಿಡಿದರೆ ಪೇಟೆಯ ಗದ್ದಲ ಮುಗಿಯುತ್ತಲೇ ಮಲ್ಲಸಮುದ್ರ ಬರುತ್ತದೆ. 2015ರಲ್ಲಿ ಆರಂಭವಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ಜಿಮ್ಸ್, ಇರುವುದು ಇಲ್ಲೇ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಹಳ್ಳಿಗಳಲ್ಲಿ ನಾಯಿ ಕಚ್ಚಿ ಗಾಯ ಆಳವಾದರೆ ಮಂದಿ ಕೊನೆಗೆ ಹತ್ತುವುದು ಇಂಥ ದೊಡ್ಡಾಸ್ಪತ್ರೆಯ ಮೆಟ್ಟಿಲನ್ನೇ. ಅದೇ ರಸ್ತೆಯಲ್ಲಿ ಇನ್ನೂ ಮುಂದಕ್ಕೆ ಹೋದರೆ ಮುಳಗುಂದ. ಜೈನಧರ್ಮದ ಸಮ್ಯಗ್ದರ್ಶನದ ಎಂಟು ಅಂಗಗಳನ್ನೂ ಐದು ಅಣುವ್ರತಗಳನ್ನೂ ಕಥೆಗಳ ಮೂಲಕ ಜನಸಾಮಾನ್ಯರಿಗೆ ತಿಳಿಹೇಳಿದ ‘ಧರ್ಮಾಮೃತ’ವನ್ನು ನಯಸೇನ 1112ರಲ್ಲಿ ಬರೆದದ್ದು ಆ ಊರಲ್ಲಿ. ಹಿಂಸೆ ಎಂದರೇನು, ಮನೆ ಮಠ ಹೊಲ ದನಗಳ ನಡುವೆ ಬದುಕುವ ಗೃಹಸ್ಥ ಅದನ್ನು ಎಷ್ಟರಮಟ್ಟಿಗೆ ಬಿಡಬಲ್ಲ ಎಂಬ ಪ್ರಶ್ನೆಯನ್ನು ಈ ಸೀಮೆ ಒಂಬೈನೂರು ವರ್ಷಗಳ ಹಿಂದೆಯೇ ಎತ್ತಿಕೊಂಡಿತ್ತು. ಹಾಗಾಗಿ ಇವತ್ತು ಇಲ್ಲಿಯ ಮನೆಗಳಲ್ಲಿ ಕೇಳಿಬರುವ ಒಂದು ಮಾತನ್ನು ಆ ಪ್ರಶ್ನೆಯ ಬೆಳಕಿನಲ್ಲೇ ನೋಡಬೇಕೆನಿಸುತ್ತದೆ. ಸಾಕಿದ ನಾಯಿಗೆ, ಬೆಕ್ಕಿಗೆ ಮರಿಯಾಗದಂತೆ ಆಪರೇಷನ್ ಮಾಡಿಸುವುದು ಪಾಪವಲ್ಲವೇ, ದೇವರು ಕೊಟ್ಟ ಸಂತಾನವನ್ನು ಕಿತ್ತುಕೊಳ್ಳಲು ನಾವು ಯಾರು ಎಂಬುದು ಆ ಮಾತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಹಿಂಸೆಯೇ ಹೌದು. ಆದರೂ ಮಾಡಿಸಲೇಬೇಕು. ಅದು ಹಿಂಸೆಯೆಂದು ಒಪ್ಪಿಕೊಂಡವನು ಮಾತ್ರ ಅದನ್ನು ಸರಿಯಾಗಿ ಮಾಡಿಸುತ್ತಾನೆ.

ವಿರೋಧಿಸುವವರ ಮಾತು ಹಗುರವಾದದ್ದಲ್ಲ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಪ್ರಾಣಿಪ್ರಿಯರು ಮತ್ತು ಅಧಿಕಾರಿಗಳು ನಮ್ಮ ನೆಲದ ವಿಚಾರವನ್ನು ಸರಿಯಾಗಿ ಓದಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಟ್ಟುವ ದೋಷಗಳನ್ನು, ಹೇಳುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನ ನೀರು ತಪ್ಪಿಸುವುದು. ಮೂರನೆಯದಾದ ಛೇದದೊಳಗೆ ಈ ಆಪರೇಷನ್ ನೇರವಾಗಿ ಬಂದು ಬೀಳುತ್ತದೆ. ಶ್ವೇತಾಂಬರರ ಉಪಾಸಕದಶಾ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಶ್ರಾವಕನು, ಅಂದರೆ ಜೈನ ಗೃಹಸ್ಥನು, ಬಿಡಬೇಕಾದ ಹದಿನೈದು ಕಸುಬುಗಳಲ್ಲಿ ನಿರ್ಲಾಂಛನವೂ ಒಂದು. ಪ್ರಾಣಿಗಳಿಗೆ ಬರೆ ಹಾಕುವುದು, ಮೂಗು ಚುಚ್ಚುವುದು, ಬೀಜ ಒಡೆಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಜೈನರಾಚೆಗೂ ಈ ಅಳುಕು ಇತ್ತು. ಪಟ್ಟಕ್ಕೆ ಬಂದು ಇಪ್ಪತ್ತಾರು ವರ್ಷಗಳಾದ ಮೇಲೆ ಅಶೋಕ ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಮಾವಾಸ್ಯೆಗಳಂಥ ದಿನಗಳಲ್ಲಿ ಹೋರಿ, ಹೋತ, ಟಗರು, ಹಂದಿಗಳ ಬೀಜ ಒಡೆಯಬಾರದೆಂಬ ಆಜ್ಞೆಯಿದೆ. ನಮಗೆ ಹತ್ತಿರದ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅವನ ಸಣ್ಣ ಬಂಡೆಶಾಸನಗಳಷ್ಟೇ ಇವೆ, ಈ ಆಜ್ಞೆ ಅಲ್ಲಿಲ್ಲ. ಆದರೆ ಆಜ್ಞೆಯ ಸ್ವರೂಪವನ್ನು ಗಮನಿಸಬೇಕು. ಅಶೋಕ ಆ ಕೆಲಸವನ್ನು ಪೂರ್ತಿ ನಿಲ್ಲಿಸಲಿಲ್ಲ, ಅದಕ್ಕೆ ದಿನಗಳ ಬೇಲಿ ಹಾಕಿದ. ಬೇಸಾಯದ ನಾಡಿನಲ್ಲಿ ಎತ್ತಿಲ್ಲದೆ ಬದುಕಿಲ್ಲವೆಂದು ಅವನಿಗೆ ಗೊತ್ತಿತ್ತು. ಆ ಎತ್ತಿನ ಮೈಮೇಲೆ ನಡೆದದ್ದು ನೋವಿನ ಕೆಲಸವೆಂಬುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಹಿಡಿದಿಟ್ಟುಕೊಂಡ ಆ ದೃಷ್ಟಿಯೇ ನಮಗೆ ಇವತ್ತು ಬೇಕಾಗಿರುವುದು.

ಎತ್ತಿನ ಮಾತು ಬಂದದ್ದರಿಂದ ಅದನ್ನು ಪೂರ್ತಿ ಹೇಳಿಯೇ ಮುಂದೆ ಹೋಗೋಣ. ಗದಗಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬಿ ಬೆಳೆದದ್ದು ಬೀಜ ಒಡೆಸಿಕೊಂಡ ಎತ್ತುಗಳ ಹೆಗಲ ಮೇಲೆ. ಕಾರಹುಣ್ಣಿಮೆಯ ದಿನ ಕೋಡಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟಿ, ಹೋಳಿಗೆ ತಿನ್ನಿಸಿ ಕರಿ ಹರಿಯುವಾಗ ನಾವು ಪೂಜಿಸುವುದು ಅವನ್ನೇ. ಇಕ್ಕಳದಂಥ ಬರ್ಡಿಜೊ ಬರುವುದಕ್ಕೆ ಮೊದಲು ಎಳೆಯ ಹೋರಿಯನ್ನು ಕೆಡವಿ, ಕಾಲು ಕಟ್ಟಿ, ಅರಿವಳಿಕೆಯೆಂಬುದೇ ಇಲ್ಲದೆ ಬಡಿದು ಬೀಜ ಒಡೆಯುತ್ತಿದ್ದರು. 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯ ಹನ್ನೊಂದನೆಯ ಕಲಮು ಕ್ರೌರ್ಯಗಳನ್ನು ಒಂದೊಂದಾಗಿ ಹೆಸರಿಸಿದ ಮೇಲೆ, ನಿಗದಿತ ರೀತಿಯಲ್ಲಿ ಬೀಜ ಒಡೆಯುವುದನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. ಊರು ಕೂಡ ಅದನ್ನು ಎಂದೋ ಹೊರಗಿಟ್ಟಾಗಿತ್ತು. ಆದರೆ ಊರಿನ ಮನಸ್ಸಿನೊಳಗೆ ಏನೋ ಒಂದು ಕೊರೆಯುತ್ತಿತ್ತು ಎನ್ನುವುದಕ್ಕೆ ನನಗೆ ಕಾಣುವ ಸಾಕ್ಷಿ ದೇವರಿಗೆ ಬಿಟ್ಟ ಬಸವ. ಬೀಜ ಒಡೆಸದೆ, ನೊಗಕ್ಕೆ ಹೂಡದೆ, ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯದೆ ಒಂದು ಹೋರಿಯನ್ನು ಇಡಿಯಾಗಿ ಉಳಿಸಿದರು. ಉಳಿದೆಲ್ಲ ಹೋರಿಗಳಿಂದ ಏನನ್ನು ಕಿತ್ತುಕೊಂಡಿದ್ದೇವೆ ಎಂಬ ಅರಿವಿದ್ದವರಿಗೆ ಮಾತ್ರ ಇಂಥದ್ದೊಂದು ಕಟ್ಟಳೆ ಹೊಳೆಯಲು ಸಾಧ್ಯ. ಎತ್ತಿಗೆ ಆದದ್ದು ಪೂರ್ತಿ ನಮ್ಮ ಲಾಭಕ್ಕಾಗಿ ಎಂಬುದನ್ನು ನೆನಪಿಡಬೇಕು. ನಾಯಿಗೆ ಮಾಡಿಸಿದರೆ ಪ್ರಕೃತಿವಿರುದ್ಧ ಎನ್ನುವವರು ಎತ್ತಿನ ವಿಷಯಕ್ಕೂ ಉತ್ತರ ಕೊಡಬೇಕಾಗುತ್ತದೆ.

ಪ್ರಕೃತಿಯ ವಾದ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ನಾಯಿ ಪ್ರಕೃತಿಯ ಪಾಲಿಗೆ ಉಳಿದಿಲ್ಲ. ಹದಿನೈದು ಸಾವಿರ ವರ್ಷಗಳಿಗೂ ಹಿಂದಿನಿಂದ ಅದು ಮನುಷ್ಯನ ಒಲೆಯ ಬಳಿ, ಅವನ ತಂಗಳಿನ ಮೇಲೆ ಬದುಕಿದೆ. ನಮ್ಮ ಭಾಷೆ ಅದನ್ನು ಬೈಗುಳವಾಗಿ ಬಳಸಿದರೂ ನಮ್ಮ ಧರ್ಮ ಅದನ್ನು ಹೊಸಿಲ ಹೊರಗೆ ಬಿಟ್ಟಿಲ್ಲ. 949ರ ಹೊತ್ತಿನ ಆತಕೂರಿನ ಶಾಸನ ಮಣಲೆರನ ಕಾಳಿ ಎಂಬ ನಾಯಿಗೆ ನೆಟ್ಟ ಕಲ್ಲು. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಯ ಕಲ್ಲನ್ನು ಚಲ್ಲೇಶ್ವರನ ಎದುರು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುತ್ತದೆಂದು ಬರೆಸಿದರು. ನಮ್ಮ ಪಕ್ಕದ ಮೈಲಾರ, ದೇವರಗುಡ್ಡಗಳಲ್ಲಿ ಮೈಲಾರಲಿಂಗನ ಒಕ್ಕಲು ತಮ್ಮನ್ನು ಅವನ ನಾಯಿಗಳೆಂದೇ ಭಾವಿಸಿ ಬೊಗಳುತ್ತ, ದೋಣಿಯೆಂಬ ಪಾತ್ರೆಗೆ ಬಾಯಿಹಾಕಿ ಪ್ರಸಾದ ತಿನ್ನುತ್ತಾರೆ. ಭಾಸ್ಕರನ ‘ಜೀವಂಧರ ಚರಿತೆ’ಯ ಕಥೆಯಲ್ಲಿ ಸಾಯುತ್ತಿರುವ ನಾಯಿಯೊಂದು ಪಂಚನಮಸ್ಕಾರ ಮಂತ್ರ ಕಿವಿಗೆ ಬಿದ್ದು ಯಕ್ಷನಾಗಿ ಹುಟ್ಟುತ್ತದೆ. ಇಷ್ಟು ಹತ್ತಿರ ಬಂದ ಪ್ರಾಣಿಯ ಬಗ್ಗೆ ನಮ್ಮ ಹೊಣೆ ಕಾಡಿನ ತೋಳದ ಬಗೆಗಿನ ಹೊಣೆಯಂತಿರಲಾರದು. ತೋಳದ ಮರಿಗಳ ಲೆಕ್ಕವನ್ನು ಕಾಡು ಇಟ್ಟುಕೊಳ್ಳುತ್ತದೆ. ನಾಯಿಯ ಮರಿಗಳ ಲೆಕ್ಕ ನಮ್ಮದು.

ಆ ಲೆಕ್ಕ ಹೀಗಿದೆ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಸುಮಾರು 63 ದಿನ ಗಬ್ಬ ಹೊತ್ತು ನಾಲ್ಕೋ ಆರೋ ಮರಿ ಹಾಕುತ್ತದೆ. ಬೆಕ್ಕಿನ ಗಬ್ಬವೂ ಹೆಚ್ಚುಕಡಿಮೆ ಅಷ್ಟೇ ದಿನದ್ದು, ಆದರೆ ಅದು ಒಂದೇ ಕಾಲದಲ್ಲಿ ಮತ್ತೆ ಮತ್ತೆ ಬೆದೆಗೆ ಬರುತ್ತದೆ. ಮರಿ ಕಣ್ಣು ಬಿಡುವ ಮೊದಲೇ ಕೊಡುವ ಮಾತು ಶುರುವಾಗುತ್ತದೆ. ಗಂಡುಮರಿಗಳಿಗೆ ಹೊಲ ಕಾಯಲು, ಕುರಿಹಟ್ಟಿಗೆ ಬೇಡಿಕೆಯಿದೆ. ಹೆಣ್ಣುಮರಿಗಳನ್ನು ಚೀಲಕ್ಕೆ ಹಾಕಿ ಸಂತೆಯ ಮೂಲೆಯಲ್ಲೋ, ಖಾನಾವಳಿಯ ಹಿಂದೋ, ಹೆದ್ದಾರಿಯ ಬದಿಯಲ್ಲೋ, ಗುಡಿಯ ಮುಂದೋ ಬಿಟ್ಟುಬರುವುದು ಎಲ್ಲ ಊರುಗಳಲ್ಲೂ ನಡೆಯುವ ಕೆಲಸ. ಗುಡಿಯ ಮುಂದೆ ಬಿಟ್ಟವರಿಗೆ ದೇವರು ನೋಡಿಕೊಳ್ಳುತ್ತಾನೆಂಬ ಸಮಾಧಾನವಿರುತ್ತದೆ. ಆ ಮರಿಗಳಿಗೆ ಮುಂದೇನಾಗುತ್ತದೆ? ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಬೀದಿಯಲ್ಲಿ ಹುಟ್ಟಿದ 364 ಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಏಳು ತಿಂಗಳ ಪ್ರಾಯ ಮುಟ್ಟಿದವು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ನೂರಕ್ಕೆ 63ರಷ್ಟರ ಸಾವಿಗೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯನೇ ಕಾರಣ. ಗಾಡಿಯ ಗಾಲಿ, ಕಲ್ಲು, ವಿಷ, ತಾಯಿಯಿಂದ ಅಗಲಿಸುವುದು. ಅದು ಬಂಗಾಳದ ಬೀದಿಗಳ ಲೆಕ್ಕ, ನಿಜ. ಆದರೆ ಬೆಟಗೇರಿಯ ಬೀದಿ ಮರಿಗಳಿಗೆ ಅದಕ್ಕಿಂತ ಮೆತ್ತಗಿದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಈಗ ಉಮಾಸ್ವಾತಿಯ ಐದು ಅತಿಚಾರಗಳನ್ನು ಮತ್ತೊಮ್ಮೆ ಎದುರಿಗಿಟ್ಟುಕೊಳ್ಳಿ. ಆಪರೇಷನ್ ಮಾಡಿಸಿದವನ ಮೇಲೆ ಛೇದದ ದೋಷ ಬರುತ್ತದೆ, ಒಂದು ಸಲ, ಒಂದು ಪ್ರಾಣಿಯ ವಿಷಯದಲ್ಲಿ, ಅರಿವಳಿಕೆಯ ಅಡಿಯಲ್ಲಿ. ಮಾಡಿಸದೆ ಮರಿಗಳನ್ನು ಚೀಲದಲ್ಲಿ ಒಯ್ದವನ ಮೇಲೆ ಅನ್ನ ನೀರು ತಪ್ಪಿಸಿದ ದೋಷ ಬರುತ್ತದೆ, ಪ್ರತಿ ಮರಿಗೂ, ಪ್ರತಿ ಸೂಲಿಗೂ. ಎರಡನೆಯದು ಕಣ್ಣೆದುರಿಗೆ ನಡೆಯುವುದಿಲ್ಲವಾದ್ದರಿಂದ ಪಾಪವೆನಿಸುವುದಿಲ್ಲ. ನಮ್ಮ ಸೀಮೆಯ ಧರ್ಮವಿಚಾರದ ಮುಂದಿಡಬೇಕಾದ ನನ್ನ ಮುಖ್ಯ ದೂರು ಇದು: ಕೈಯಲ್ಲಿ ಕತ್ತರಿ ಹಿಡಿದವನನ್ನು ಮಾತ್ರ ಹಿಂಸಕನೆನ್ನುತ್ತೇವೆ, ಚೀಲ ಹಿಡಿದವನನ್ನು ದಯಾಳುವೆಂದು ಬಿಟ್ಟುಬಿಡುತ್ತೇವೆ.

ಕಟ್ಟಿಹಾಕಿ ಕಾಯ್ದರೆ ಎರಡೂ ದೋಷ ತಪ್ಪುವುದಲ್ಲ ಎಂದು ಕೇಳಬಹುದು. ಬೆದೆ ಸುಮಾರು ಮೂರು ವಾರ ಇರುತ್ತದೆ. ಆ ದಿನಗಳಲ್ಲಿ ಸುತ್ತಲಿನ ಗಂಡುನಾಯಿಗಳು ಅಂಗಳಕ್ಕೆ ಮುತ್ತಿಗೆ ಹಾಕುತ್ತವೆ, ಕಚ್ಚಾಡುತ್ತವೆ, ದಾರಿಯಲ್ಲಿ ಹೋಗುವ ಮಕ್ಕಳಿಗೂ ಕಡಿತ ಬೀಳುತ್ತದೆ. ಬಾಗಿಲಿಲ್ಲದ ಹಿತ್ತಿಲಿರುವ ಮನೆಯಲ್ಲಿ ಇದನ್ನು ಹತ್ತು ವರ್ಷ ತಪ್ಪದೆ ಕಾಯುವುದು ಆಗದ ಮಾತು, ಬೆಕ್ಕಿಗಂತೂ ಕಟ್ಟೇ ಇಲ್ಲ. ಆದರೂ ಹಟ ಹಿಡಿದು ಕಾಯ್ದರೆ, ಆಸೆಯಿಂದ ಚಡಪಡಿಸುವ ಪ್ರಾಣಿಯನ್ನು ವರ್ಷಕ್ಕೆ ಒಂದೂವರೆ ತಿಂಗಳು ಸರಪಳಿಯಲ್ಲಿಟ್ಟಂತಾಗುತ್ತದೆ. ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ.

ಇನ್ನು ಸಂಕಲ್ಪದ ಪ್ರಶ್ನೆ. ಕನ್ನಡದಲ್ಲಿ ಇದನ್ನು ಜನ್ನನಷ್ಟು ಕಠಿಣವಾಗಿ ಕೇಳಿದವರಿಲ್ಲ. 1209ರ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ, ಅದರಲ್ಲಿ ರಕ್ತವೂ ಇಲ್ಲ ನೋವೂ ಇಲ್ಲ. ಆದರೂ ಕೊಲ್ಲುವ ಸಂಕಲ್ಪವೊಂದರಿಂದಲೇ ಯಶೋಧರ ನವಿಲಾಗಿ, ತಾಯಿ ಚಂದ್ರಮತಿ ನಾಯಾಗಿ ಹುಟ್ಟಿ, ಆ ನಾಯಿಯ ಬಾಯಿಂದಲೇ ನವಿಲು ಸಾಯುವ ದುರಂತ ನಡೆಯುತ್ತದೆ. ಹಿಂಸೆಯ ತೂಕ ಕೈಯಲ್ಲಿಲ್ಲ, ಮನಸ್ಸಿನಲ್ಲಿದೆ ಎಂಬುದು ಅಲ್ಲಿಯ ನಿಲುವು. ಆಪರೇಷನ್ ಪರವಾಗಿರುವವರು ಇದನ್ನು ತಮ್ಮ ಕಡೆಗೆ ಸುಲಭವಾಗಿ ಎಳೆದುಕೊಂಡಾರು. ಉದ್ದೇಶ ಒಳ್ಳೆಯದಿದ್ದರೆ ದೋಷವಿಲ್ಲ ಎಂದಾರು. ನಾನು ಅಷ್ಟು ದೂರ ಹೋಗಲಾರೆ. ಸಂಕಲ್ಪವೇ ಅಳತೆಯಾದರೆ ಸಂಕಲ್ಪವನ್ನು ಬೆಳಕಿಗೆ ತಂದು ನೋಡಬೇಕಾಗುತ್ತದೆ. ರಾತ್ರಿ ಕೂಗಬಾರದು, ನೆಲ ಹೊಲಸಾಗಬಾರದು, ಮನೆಗೆ ಬಂದವರ ಮುಂದೆ ಮುಜುಗರವಾಗಬಾರದು ಎಂಬಷ್ಟಕ್ಕೇ ಕತ್ತರಿ ಎತ್ತಿದರೆ ಅದು ಎತ್ತಿನ ಲೆಕ್ಕವೇ, ನಮ್ಮ ಅನುಕೂಲಕ್ಕೆ ಇನ್ನೊಂದರ ಅಂಗ. ಹುಟ್ಟುವ ಮರಿಗಳಿಗೆ ಜಾಗವಿಲ್ಲ, ಅವುಗಳ ಹಸಿವಿಗೆ ನಾನು ಕಾರಣನಾಗಬಾರದು ಎಂಬ ಚಿಂತೆಯಿಂದ ಮಾಡಿಸಿದರೆ ಲೆಕ್ಕ ಬದಲಾಗುತ್ತದೆ. ಒಂದೇ ಮೇಜಿನ ಮೇಲೆ ಒಂದೇ ವೈದ್ಯರ ಕೈಯಲ್ಲಿ ಈ ಎರಡೂ ನಡೆಯಬಹುದು.

ಬರಬೇಕಾದ ಜೀವಗಳಿಗೆ ಬಾಗಿಲು ಮುಚ್ಚಿದಂತಾಯಿತು ಎಂಬ ಆಕ್ಷೇಪ ಹೆಚ್ಚು ಆಳವಾಗಿ ಕೇಳಿಸುತ್ತದೆ, ಆದರೆ ಕರ್ಮಸಿದ್ಧಾಂತದ ಒಳಗೇ ಅದು ನಿಲ್ಲದು. ಜೀವ ಯಾವ ಗತಿಗೆ ಹೋಗಬೇಕೆಂಬುದನ್ನು ಅದರ ಕರ್ಮ ಗೊತ್ತುಮಾಡುತ್ತದೆಯೇ ಹೊರತು ಮಲ್ಲಸಮುದ್ರದ ಒಂದು ನಾಯಿಯ ಗರ್ಭಕೋಶವಲ್ಲ. ಹುಟ್ಟನ್ನು ತಡೆಯುವುದೇ ಹಿಂಸೆಯಾಗಿದ್ದರೆ ಮುನಿಗಳ ಬ್ರಹ್ಮಚರ್ಯ ಎಲ್ಲಕ್ಕಿಂತ ದೊಡ್ಡ ಹಿಂಸೆಯಾಗಬೇಕಿತ್ತು. ತಾಯ್ತನದ ಸುಖ ತಪ್ಪಿತಲ್ಲ ಎನ್ನುವವರೂ, ಒಂದು ಸೂಲಾದರೂ ಆಗಲಿ ಎನ್ನುವವರೂ ಇದ್ದಾರೆ. ಒಂದು ಸೂಲಾದರೆ ಮೈಗೆ ಒಳ್ಳೆಯದೆಂಬ ನಂಬಿಕೆಗೆ ಪಶುವೈದ್ಯದಲ್ಲಿ ಆಧಾರವಿಲ್ಲ. ಸ್ವೀಡನ್ನಿನಲ್ಲಿ ಆಪರೇಷನ್ ಅಷ್ಟಾಗಿ ರೂಢಿಯಲ್ಲಿಲ್ಲದ ಕಾಲದ ವಿಮಾ ದಾಖಲೆಗಳು, ಹತ್ತು ವರ್ಷ ತುಂಬುವ ಹೊತ್ತಿಗೆ ಸುಮಾರು ನಾಲ್ಕರಲ್ಲಿ ಒಂದು ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬಂದುದನ್ನು ತೋರಿಸುತ್ತವೆ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಗದಿದ್ದರೆ ಅದು ಕೊಲ್ಲುವ ರೋಗ. ತಾಯ್ತನದ ಸುಖದ ಮಾತನ್ನು ಮಾತ್ರ ನಾನು ಅಲ್ಲಗಳೆಯುವುದಿಲ್ಲ. ಮರಿಗಳನ್ನು ನೆಕ್ಕುವ ತಾಯಿಯಲ್ಲಿ ಏನೋ ತುಂಬಿಬರುವುದು ಯಾರ ಕಣ್ಣಿಗೂ ಕಾಣುತ್ತದೆ. ಅದೇ ತಾಯಿ ಚೀಲ ಹೋದ ದಾರಿಯಲ್ಲಿ ನಾಲ್ಕು ದಿನ ಮೂಸುತ್ತ ಅಲೆಯುವುದೂ ಕಾಣಬೇಕು.

ಮನುಷ್ಯರಿಗೆ ಬಲವಂತವಾಗಿ ಇದನ್ನೇ ಮಾಡಿದಾಗ ದೇಶ ಕ್ಷಮಿಸಲಿಲ್ಲ, ಪ್ರಾಣಿಗಾದರೆ ಹೇಗೆ ಸರಿ ಎಂಬ ಪ್ರಶ್ನೆಯನ್ನು ತುರ್ತುಪರಿಸ್ಥಿತಿಯ ನೆನಪಿರುವ ಹಿರಿಯರು ಎತ್ತುತ್ತಾರೆ. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಬಹಳಷ್ಟು ಒತ್ತಾಯದಿಂದ. ಅಲ್ಲಿ ನಡೆದ ಅನ್ಯಾಯ ಕತ್ತರಿಯದ್ದಲ್ಲ, ತನ್ನ ಬದುಕನ್ನು ತಾನೇ ನಿರ್ಧರಿಸಬಲ್ಲವನ ಒಪ್ಪಿಗೆಯನ್ನು ತುಳಿದದ್ದು. ನಾಯಿ ಒಪ್ಪಲೂ ಆರದು, ನಿರಾಕರಿಸಲೂ ಆರದು, ತನ್ನನ್ನು ತಾನು ತಡೆದುಕೊಳ್ಳಲೂ ಆರದು. ಅದರ ಪರವಾಗಿ ಯಾರಾದರೂ ನಿರ್ಧರಿಸಲೇಬೇಕು, ನಿರ್ಧರಿಸದೆ ಕೂತದ್ದೂ ಒಂದು ನಿರ್ಧಾರವೇ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಜಂತುನಾಶಕ ಔಷಧ, ಲಸಿಕೆ, ಸಂತಾನಹರಣ ಮೂರನ್ನೂ ಒಡೆಯನ ಹೊಣೆಯೆಂದು ಬರೆದಿವೆ. ಬೇರೆ ಧರ್ಮಗಳೂ ಮನುಷ್ಯ ಮತ್ತು ಪ್ರಾಣಿಯ ನಡುವೆ ಇಲ್ಲಿ ಗೆರೆ ಎಳೆದಿವೆ. ಹನಫಿ ಪಂಡಿತರು ಮನುಷ್ಯರ ವಿಷಯದಲ್ಲಿ ಇದನ್ನು ನಿಷೇಧಿಸಿ, ಪ್ರಯೋಜನವಿದ್ದರೆ ಪ್ರಾಣಿಗಳಿಗೆ ಒಪ್ಪಿದ್ದಾರೆ. ಯಹೂದಿ ಧರ್ಮಶಾಸ್ತ್ರ ಮಾತ್ರ ಪ್ರಾಣಿಗಳಿಗೂ ಬೇಡವೆನ್ನುತ್ತದೆ. ಅದನ್ನು ಪಾಲಿಸಹೊರಟ ಇಸ್ರೇಲಿನ ಕೃಷಿ ಸಚಿವರೊಬ್ಬರು 2015ರಲ್ಲಿ ಬೀದಿನಾಯಿಗಳನ್ನು ಹೊರದೇಶಕ್ಕೆ ಸಾಗಿಸುವ ಸಲಹೆ ಮುಂದಿಟ್ಟರು. ಕತ್ತರಿಯ ದೋಷ ತಪ್ಪಿಸಲು ಹೋದ ಧರ್ಮನಿಷ್ಠೆ ಕಡೆಗೆ ಗಡೀಪಾರಿಗೆ ಬಂದು ನಿಂತದ್ದು ನನಗೆ ತುಂಬ ನೋವಿನ ಸಂಗತಿಯಾಗಿ ಕಾಣುತ್ತದೆ.

ನಮ್ಮಲ್ಲಿ ಇದಕ್ಕಿಂತ ಕಟುವಾದ ಚರ್ಚೆ 1926ರಲ್ಲೇ ನಡೆಯಿತು. ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಅರವತ್ತು ನಾಯಿಗಳನ್ನು ಕೊಲ್ಲಿಸಿದರು, ಗಾಂಧೀಜಿ ಅದು ಅನಿವಾರ್ಯವಾಗಿತ್ತು ಎಂದರು. ಜೈನರಿಂದ, ವೈಷ್ಣವರಿಂದ ಸಿಟ್ಟಿನ ಪತ್ರಗಳ ಮಳೆ ಸುರಿಯಿತು. ‘ಯಂಗ್ ಇಂಡಿಯಾ’ದಲ್ಲಿ ಗಾಂಧೀಜಿ ಕೊಟ್ಟ ಉತ್ತರಗಳ ತಿರುಳು ಏನೆಂದರೆ, ಒಡೆಯನಿಲ್ಲದ ನಾಯಿ ಬೀದಿಯಲ್ಲಿರುವುದು ಸಮಾಜದ ದಯೆಯ ಗುರುತಲ್ಲ, ಅದರ ನಿರ್ಲಕ್ಷ್ಯದ ಗುರುತು; ತುತ್ತು ಎಸೆದು ಹೋಗುವುದು ಹೊಣೆಯಿಂದ ನುಣುಚಿಕೊಳ್ಳುವ ಬಗೆ. ಈ ರೋಗನಿದಾನ ಸರಿಯೆಂದೇ ನಾನು ತಿಳಿದಿದ್ದೇನೆ. ಮದ್ದನ್ನು ಒಪ್ಪಲಾರೆ. ಅಂದು ಕೊಲ್ಲು ಇಲ್ಲವೇ ಬಿಡು ಎಂಬ ಎರಡೇ ದಾರಿಗಳು ಎದುರಿಗಿದ್ದವು. ನಗರಸಭೆಗಳು ದಶಕಗಳ ಕಾಲ ಕೊಂದವು, ನಾಯಿಗಳು ಕಡಿಮೆಯಾಗಲಿಲ್ಲ. ಚೆನ್ನೈನಲ್ಲಿ ಬ್ಲೂಕ್ರಾಸ್ ಬಹುಕಾಲ ಒತ್ತಾಯಿಸಿದ ಮೇಲೆ 1996ರಲ್ಲಿ ಆಪರೇಷನ್ ಮತ್ತು ಲಸಿಕೆಯ ಮೂರನೆಯ ದಾರಿ ತೆರೆಯಿತು. ಬೆಂಗಳೂರಿನಲ್ಲಿ 2019ರ ಗಣತಿಯಲ್ಲಿ ಸುಮಾರು 3.10 ಲಕ್ಷವಿದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದವು. ಆಪರೇಷನ್ ಆದವುಗಳ ಪಾಲು ಅದೇ ಅವಧಿಯಲ್ಲಿ ನೂರಕ್ಕೆ 51ರಿಂದ 71ಕ್ಕೆ ಏರಿತು. ಇಳಿಕೆ ನಿಧಾನ, ಆದರೆ ಇಳಿಕೆ. ರೇಬೀಸ್ ಬಂದ ಮನುಷ್ಯ ಬದುಕುವುದಿಲ್ಲ ಎನ್ನುವಷ್ಟು ಅದು ಮಾರಕ, ಮನುಷ್ಯರಿಗೆ ಅದು ತಗಲುವುದು ಬಹುಪಾಲು ನಾಯಿಯಿಂದಲೇ. ಹಾಗಾಗಿ ಆಸ್ಪತ್ರೆಗೆ ಕಡಿತದ ಗಾಯ ಹೊತ್ತು ಬರುವ ಮಗುವೂ ಈ ಧರ್ಮಚರ್ಚೆಯೊಳಗಿನ ಒಂದು ಜೀವ. ಬೀದಿನಾಯಿಯ ಸಮಸ್ಯೆ ಸರ್ಕಾರದ್ದು, ನಮ್ಮ ಮನೆಯದು ಸಾಕಿದ ನಾಯಿ ಎಂದು ತಪ್ಪಿಸಿಕೊಳ್ಳುವಂತಿಲ್ಲ. ಇಂದಿನ ಬೀದಿನಾಯಿಗಳಲ್ಲಿ ಎಷ್ಟೋ ನಿನ್ನೆಯ ಚೀಲದಿಂದ ಹೊರಬಂದವು.

ಹಿಂಸೆಯೆಂದು ಒಪ್ಪಿದ ಮೇಲೆ ಆ ಒಪ್ಪಿಗೆ ಕೆಲವು ಕಟ್ಟುಪಾಡುಗಳನ್ನು ಕೇಳುತ್ತದೆ. ಒಳ್ಳೆಯ ಅರಿವಳಿಕೆ ಬೇಕು, ನೋವಿನ ಮದ್ದು ಬೇಕು, ಹೊಲಿಗೆ ಮಾಯುವವರೆಗೆ ಒಣ ಜಾಗದಲ್ಲಿಟ್ಟು ನೋಡಿಕೊಳ್ಳಬೇಕು. ಶಿಬಿರದಲ್ಲಿ ಎಣಿಕೆ ತುಂಬಿಸಲು ಕೊಯ್ದು ಮರುದಿನವೇ ಬಿಟ್ಟುಬಿಡುವುದು ಅಹಿಂಸೆಯ ಹೆಸರಿಗೂ ಅಪಚಾರ. ಹೆಣ್ಣಿನ ಆಪರೇಷನ್ನಿಗೆ ಹೊಟ್ಟೆ ಬಿಚ್ಚಬೇಕು, ಗಂಡಿನದು ಸಣ್ಣ ಕೆಲಸ. ಆದರೂ ಗಂಡುನಾಯಿಯ ಗಂಡಸುತನ ಹೋಗುತ್ತದೆಂದು ಒಡೆಯರು ಹಿಂಜರಿದು ಭಾರವನ್ನೆಲ್ಲ ಹೆಣ್ಣಿನ ಮೇಲೆ ಹಾಕುವುದನ್ನು ನಾನು ಅನ್ಯಾಯವೆಂದೇ ಎಣಿಸುತ್ತೇನೆ. ವಯಸ್ಸನ್ನೂ ತಳಿಯನ್ನೂ ನೋಡಬೇಕು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ 2013ರ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಮೊದಲೇ ಆಪರೇಷನ್ ಆದ ಗೋಲ್ಡನ್ ರಿಟ್ರೀವರ್ ನಾಯಿಗಳಲ್ಲಿ ಕೀಲಿನ ತೊಂದರೆಗಳು ಹೆಚ್ಚು ಕಂಡವು. ದೊಡ್ಡ ತಳಿಗೆ ಸ್ವಲ್ಪ ಕಾಯಬಹುದೇ ಎಂದು ವೈದ್ಯರನ್ನು ಕೇಳಬೇಕು, ಕಾಯುವ ದಿನಗಳಲ್ಲಿ ಮನೆಯವರು ಎಚ್ಚರವಿರಬೇಕು. ಮಠಗಳು, ಬಸದಿಗಳು, ದರ್ಗಾಗಳು ದಾಸೋಹಕ್ಕೆ ಕೊಡುವ ಹಣದಲ್ಲಿ ಒಂದು ಸಣ್ಣ ಪಾಲನ್ನು ಬಡವರ ಮನೆಯ ನಾಯಿ ಬೆಕ್ಕುಗಳ ಆಪರೇಷನ್ನಿಗೆ ಎತ್ತಿಟ್ಟರೆ ಅದು ಅನ್ನದಾನಕ್ಕೆ ಹೊರತಾದದ್ದಲ್ಲ. ಮುಂದೆ ಹಸಿಯಬೇಕಾದ ಬಾಯಿಗಳ ಚಿಂತೆಯೇ ಅಲ್ಲೂ ಇರುವುದು.

ಎಲ್ಲಕ್ಕಿಂತ ಕಷ್ಟದ ಸಂದರ್ಭ ಆಗಲೇ ಗಬ್ಬವಾದ ನಾಯಿಯದು. ಮರಿಗಳು ಬಲಿತ ಮೇಲೆ ಗರ್ಭಕೋಶ ತೆಗೆದರೆ ಅವೂ ಸಾಯುತ್ತವೆ. ಅಲ್ಲಿ ನಡೆಯುವುದು ಹುಟ್ಟಿನ ತಡೆಯಲ್ಲ, ಇರುವ ಜೀವಗಳ ಕೊಲೆ. ಈವರೆಗೆ ಹೇಳಿದ ಯಾವ ಸಮರ್ಥನೆಯೂ ಅಲ್ಲಿಗೆ ಮುಟ್ಟುವುದಿಲ್ಲ. 2001ರ ನಿಯಮಗಳು ಗಬ್ಬದ ಬೀದಿನಾಯಿಗೆ ಗರ್ಭಪಾತವನ್ನಾಗಲಿ ಆಪರೇಷನ್ನನ್ನಾಗಲಿ ಮಾಡದೆ, ಮರಿ ಹಾಕುವವರೆಗೆ ಬಿಡಬೇಕೆಂದು ವಿಧಿಸಿದ್ದವು. ಆಡಳಿತದ ನಿಯಮವೊಂದರಲ್ಲಿ ಅಷ್ಟು ವಿವೇಕ ಇದ್ದದ್ದು ಸಣ್ಣ ಮಾತಲ್ಲ. ತಾಯಿಯ ಪ್ರಾಣಕ್ಕೇ ಕುತ್ತು ಬಂದ ಹೊತ್ತು ಬೇರೆ. ಉಳಿದಂತೆ ಗಬ್ಬವಾದ ಸಾಕುನಾಯಿಯ ಒಡೆಯ ಆ ಒಂದು ಸೂಲಿನ ಮರಿಗಳಿಗೆಲ್ಲ ನೆಲೆ ಹುಡುಕುವ ಹೊಣೆ ಹೊರಬೇಕು, ಹೆಣ್ಣುಮರಿಗಳಿಗೂ ಸೇರಿ. ಅವು ಹಾಲು ಬಿಟ್ಟ ಮೇಲೆ ತಾಯಿಯನ್ನು ಪಶು ಆಸ್ಪತ್ರೆಗೆ ಕರೆದೊಯ್ಯಬೇಕು, ಮುಂದಿನ ಬೆದೆ ಬರುವ ಮೊದಲೇ.